ಏಕವ್ಯಕ್ತಿ ಕೋರ್ಟ್ ಮಾರ್ಷಲ್ ಇನ್ನೂ ಏಕೆ? ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ಹಾಗೂ ಕರ್ನಾಟಕವನ್ನು ಪ್ರತಿನಿಧಿಸುವ ಎಲ್ಲ ಸಂಸದರಿಗೆ ಗೌರವಪೂರ್ವಕ ನಮಸ್ಕಾರಗಳು.

ಭೂಸೇನೆಯಲ್ಲಿ ಗುಮಾಸ್ತನಾಗಿ ಸೇರಿ ಹವಾಲ್ದಾರನಾಗಿ ನಿವೃತ್ತನಾದ ನಾನು ಈಗ ಬೆಳಗಾವಿ ಜಿಲ್ಲೆಯ ನನ್ನ ಊರಿನಲ್ಲಿದ್ದುಕೊಂಡು ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಪಿಂಚಣಿಯ ಅರ್ಜಿಗಳನ್ನು ಬರೆದುಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರದು ಹೆಂಡತಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ, ಮಗಳ ಜನ್ಮದಿನಾಂಕ ಹೊಂದುವುದಿಲ್ಲ ಎಂಬಂಥ ತೊಂದರೆಗಳು. ಅವು ಇಂದಲ್ಲ ನಾಳೆ ಬಗೆಹರಿಯುತ್ತವೆ. ಆಗೊಮ್ಮೆ ಈಗೊಮ್ಮೆ ಪಿಂಚಣಿಯೇ ಇಲ್ಲದವನೊಬ್ಬ ಬರುತ್ತಾನೆ. ಅವನಿಗೆ ಕ್ಯಾಂಟೀನ್ ಕಾರ್ಡಿಲ್ಲ, ಮಾಜಿ ಸೈನಿಕರ ಆಸ್ಪತ್ರೆಯ ಸೌಲಭ್ಯವಿಲ್ಲ, ಊರಿನಲ್ಲಿ ‘ಅಲ್ಲೇನೋ ಮಾಡಿಕೊಂಡು ಬಂದವನು’ ಎಂಬ ಹೆಸರು ಮಾತ್ರ ಇದೆ. ಅವನ ಕೈಯಲ್ಲಿರುವ ಕಾಗದದಲ್ಲಿ ಸಮ್ಮರಿ ಕೋರ್ಟ್ ಮಾರ್ಷಲ್ ಮೂಲಕ ಸೇವೆಯಿಂದ ವಜಾ ಎಂದು ಬರೆದಿರುತ್ತದೆ. ಒಬ್ಬನೇ ಅಧಿಕಾರಿ ನಡೆಸುವ ಸೈನ್ಯದ ಸಂಕ್ಷಿಪ್ತ ನ್ಯಾಯಾಲಯ ಇದು. ಈ ಪತ್ರ ಬರೆಯುತ್ತಿರುವುದು ಅಂಥವರೆಲ್ಲ ನಿರಪರಾಧಿಗಳೆಂದು ಸಾಧಿಸುವುದಕ್ಕಲ್ಲ. ಕೆಲವರು ತಪ್ಪು ಮಾಡಿದವರೇ. ಆದರೆ ಅವರನ್ನು ವಿಚಾರಿಸಿದ ನ್ಯಾಯಾಲಯವನ್ನು ನ್ಯಾಯಾಲಯವೆಂದು ಕರೆಯಬಹುದೇ ಎಂಬುದು ನನ್ನ ಪ್ರಶ್ನೆ.

ಸೈನ್ಯದ ಹೊರಗಿನವರು ಈ ವಿಚಾರಣೆಯನ್ನು ಕಂಡಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಿಪಾಯಿಯ ಟೋಪಿಯನ್ನೂ ಬೆಲ್ಟನ್ನೂ ತೆಗೆಸಿ, ಇಬ್ಬರು ಬೆಂಗಾವಲಿನವರ ನಡುವೆ ಮಾರ್ಚ್ ಮಾಡಿಸಿಕೊಂಡು ಘಟಕದ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ ಕೋಣೆಗೆ ಕರೆತರುತ್ತಾರೆ. ಮೇಜಿನ ಮೇಲೆ ಸೇನಾ ಕಾನೂನಿನ ದಪ್ಪ ಕೈಪಿಡಿ, ಅದರ ಪಕ್ಕದಲ್ಲಿ ಸಿಪಾಯಿಯ ಹಳೆಯ ಶಿಕ್ಷೆಗಳನ್ನೆಲ್ಲ ಬರೆದಿಟ್ಟ ನಡತೆಯ ಹಾಳೆ. ಮೇಜಿನ ಹಿಂದೆ ಕುಳಿತವರೇ ಆರೋಪಪಟ್ಟಿಗೆ ಸಹಿ ಹಾಕಿದವರು, ಸಾಕ್ಷ್ಯಗಳ ಸಾರಾಂಶ ಬರೆಸಲು ಆದೇಶಿಸಿದವರು, ಈ ವಿಚಾರಣೆ ನಡೆಯಲಿ ಎಂದು ತೀರ್ಮಾನಿಸಿದವರು. ಈಗ ನ್ಯಾಯಾಧೀಶರೂ ಅವರೇ. 1950ರ ಸೇನಾ ಕಾಯ್ದೆಯ 116ನೇ ಕಲಂ ಪ್ರಕಾರ ಆ ಒಬ್ಬ ಅಧಿಕಾರಿಯೇ ಇಡೀ ನ್ಯಾಯಾಲಯ. ಇನ್ನಿಬ್ಬರು ಅಧಿಕಾರಿಗಳೋ ಜೆಸಿಒಗಳೋ (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಆಫೀಸರರು) ಕಲಾಪದಲ್ಲಿ ಹಾಜರಿರಬೇಕು ನಿಜ, ಆದರೆ ಅವರಿಗೆ ಪ್ರಮಾಣವಚನವೂ ಇಲ್ಲ, ಮತವೂ ಇಲ್ಲ. ಸರ್ಕಾರಿ ಪ್ರಾಸಿಕ್ಯೂಟರ್ ಇಲ್ಲ. ಸಾಕ್ಷಿಗಳನ್ನು ಕರೆಸಿ ಪ್ರಶ್ನಿಸುವವರೂ ಕಮಾಂಡಿಂಗ್ ಆಫೀಸರೇ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕೂ ಮೇಲಿನ ದರ್ಜೆಯವರಾಗಿದ್ದರೆ ಒಂದು ವರ್ಷದವರೆಗೆ ಸೆರೆವಾಸವನ್ನೂ ಜೊತೆಗೆ ವಜಾವನ್ನೂ ವಿಧಿಸಬಹುದು. 161ನೇ ಕಲಂ ಪ್ರಕಾರ ಆ ತೀರ್ಪಿಗೆ ಮೇಲಿನವರ ದೃಢೀಕರಣ ಬೇಕಿಲ್ಲ, ಶಿಕ್ಷೆಯನ್ನು ಅಲ್ಲಿಂದಲೇ ಜಾರಿ ಮಾಡಬಹುದು. ಕಾಗದಗಳು ಆಮೇಲೆ ಬ್ರಿಗೇಡ್ ಅಥವಾ ಡಿವಿಷನ್ ಕಮಾಂಡರರ ಪರಿಶೀಲನೆಗೆ ಹೋಗುತ್ತವೆ. ಅಷ್ಟರಲ್ಲಿ ಸಿಪಾಯಿ ಜೈಲಿನಲ್ಲಿರುತ್ತಾನೆ.

ಅವನ ಪರವಾಗಿ ಯಾರೂ ಇಲ್ಲವೇ ಎಂದು ಕೇಳಬಹುದು. ‘ಆರೋಪಿಯ ಮಿತ್ರ’ ಎಂಬೊಬ್ಬರು ಇರುತ್ತಾರೆ. 1954ರ ಸೇನಾ ನಿಯಮಗಳಲ್ಲಿ 129ನೆಯದು ಇವರಿಗೆ ಸಂಬಂಧಿಸಿದ್ದು. ಈ ಮಿತ್ರ ಆರೋಪಿಯ ಕಿವಿಯಲ್ಲಿ ಸಲಹೆ ಹೇಳಬಹುದು, ಕೇಳಬೇಕಾದ ಪ್ರಶ್ನೆಗಳನ್ನು ಸೂಚಿಸಬಹುದು. ತಾನೇ ಎದ್ದು ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವಂತಿಲ್ಲ, ನ್ಯಾಯಾಲಯವನ್ನು ಉದ್ದೇಶಿಸಿ ಮಾತನಾಡುವಂತಿಲ್ಲ. ಖಾಸಗಿ ವಕೀಲರನ್ನು ತಂದರೂ ಇದೇ ಮಿತಿ. ವಕೀಲರ ಶುಲ್ಕ ಭರಿಸಲಾಗದ ಸಿಪಾಯಿಗೆ ಮಿತ್ರರಾಗಿ ಸಾಮಾನ್ಯವಾಗಿ ಸಿಗುವವರು ಅದೇ ಘಟಕದ ಕಿರಿಯ ಅಧಿಕಾರಿ. ಅವರ ವಾರ್ಷಿಕ ಗೋಪ್ಯ ವರದಿಯನ್ನು ಬರೆಯುವವರು ಎದುರಿನ ಕುರ್ಚಿಯಲ್ಲಿ ನ್ಯಾಯಾಧೀಶರಾಗಿ ಕುಳಿತಿರುತ್ತಾರೆ. ಆ ಕಿರಿಯ ಅಧಿಕಾರಿ ಎಷ್ಟೇ ಸಜ್ಜನರಾದರೂ ಅವರ ಬಾಯಿಂದ ಯಾವ ಬಗೆಯ ಸಲಹೆ ಬರುತ್ತದೆ ಎಂಬುದನ್ನು ಊಹಿಸಲು ಕಾನೂನು ಓದಿರಬೇಕಿಲ್ಲ. ‘ಒಪ್ಪಿಕೊಂಡುಬಿಡು, ಸಾಹೇಬರು ಕಡಿಮೆ ಕೊಡುತ್ತಾರೆ’ ಎಂಬ ಮಾತನ್ನು ಘಟಕದ ಕಚೇರಿಗಳಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ.

ಹೀಗಾಗಿಯೇ ಈ ಕಡತಗಳಲ್ಲಿ ತಪ್ಪೊಪ್ಪಿಗೆಯ ಪುಟಕ್ಕೆ ಅಷ್ಟು ಮಹತ್ವ. 115ನೇ ನಿಯಮದಂತೆ, ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳುವ ಮೊದಲು ಆರೋಪವೇನು, ಒಪ್ಪಿಕೊಂಡರೆ ಪರಿಣಾಮವೇನು ಎಂಬುದನ್ನು ಆರೋಪಿಗೆ ಅರ್ಥವಾಗುವಂತೆ ವಿವರಿಸಬೇಕು. ಆ ಪುಟ ಅಚ್ಚಾದ ನಮೂನೆ. ವಿವರಿಸಲಾಯಿತು ಎಂಬ ವಾಕ್ಯವೂ ಅದರಲ್ಲಿ ಸಿದ್ಧವಾಗಿಯೇ ಇರುತ್ತದೆ. ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ, ವಿವರಣೆ ಸೈನ್ಯದ ಹಿಂದಿಯಲ್ಲಿ, ಕೇಳಿಸಿಕೊಳ್ಳುವವನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಗಡಿ ಭದ್ರತಾ ಪಡೆಯಲ್ಲಿಯೂ ಸಮ್ಮರಿ ಸೆಕ್ಯೂರಿಟಿ ಫೋರ್ಸ್ ಕೋರ್ಟ್ ಎಂಬ ಇದೇ ಮಾದರಿಯ ನ್ಯಾಯಾಲಯವಿದೆ. ಅಲ್ಲಿ ತಪ್ಪೊಪ್ಪಿಕೊಂಡನೆಂದು ವಜಾಗೊಂಡಿದ್ದ ಕಾನ್‌ಸ್ಟೇಬಲ್ ಒಬ್ಬನ ಪ್ರಕರಣ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ತಪ್ಪೊಪ್ಪಿಗೆಯ ದಾಖಲೆಯಲ್ಲಿ ಅವನ ಸಹಿಯೇ ಇಲ್ಲದ್ದು ನ್ಯಾಯಾಲಯದ ಗಮನಕ್ಕೆ ಬಂತು. ವಜಾವನ್ನು ರದ್ದುಪಡಿಸಿದ್ದ ಹೈಕೋರ್ಟ್ ತೀರ್ಪು ಉಳಿಯಿತು. ದೆಹಲಿಯವರೆಗೆ ಹೋಗಲು ಶಕ್ತಿಯಿದ್ದವನಿಗೆ ಸಿಕ್ಕ ನ್ಯಾಯ ಅದು.

ಈ ನ್ಯಾಯಾಲಯ ಯಾರಿಗಾಗಿ ಇದೆ ಎಂಬುದನ್ನು ನೋಡಿದರೆ ಅದರ ಹುಟ್ಟೂ ತಿಳಿಯುತ್ತದೆ. ಅಧಿಕಾರಿಗಳನ್ನೂ ಜೆಸಿಒಗಳನ್ನೂ ವಾರಂಟ್ ಆಫೀಸರರನ್ನೂ ಸಮ್ಮರಿ ಕೋರ್ಟ್ ಮಾರ್ಷಲ್ ವಿಚಾರಿಸುವಂತಿಲ್ಲ. ಅದರ ಎದುರು ನಿಲ್ಲುವವರು ಸಿಪಾಯಿ, ನಾಯಕ್, ಹವಾಲ್ದಾರ್‌ಗಳು ಮಾತ್ರ. 1857ರ ದಂಗೆಯ ಬಳಿಕ ದೇಶೀ ಸಿಪಾಯಿಗಳನ್ನು ಹದ್ದುಬಸ್ತಿನಲ್ಲಿಡಲು ಪಲ್ಟನ್ನಿನ ಕಮಾಂಡಿಂಗ್ ಆಫೀಸರ ಕೈಗೆ ಕೊಟ್ಟ ಅಧಿಕಾರ 1911ರ ಭಾರತೀಯ ಸೇನಾ ಕಾಯ್ದೆಯೊಳಗೆ ಬಂತು, ಅಲ್ಲಿಂದ ಸ್ವತಂತ್ರ ಭಾರತದ 1950ರ ಕಾಯ್ದೆಯೊಳಗೆ ಇಳಿಯಿತು. ವಸಾಹತುಶಾಹಿ ಕಾಲದ ದಂಡ ಸಂಹಿತೆಯನ್ನು ತೆಗೆದುಹಾಕಿದ್ದೇವೆಂದು ತಮ್ಮ ಸರ್ಕಾರ 2024ರ ಜುಲೈ 1ರಂದು ಹೆಮ್ಮೆಯಿಂದ ಹೇಳಿಕೊಂಡಿತು. ಅಂದಿನಿಂದ ಒಬ್ಬ ಸಾಮಾನ್ಯ ನಾಗರಿಕನಿಗೆ ಭಾರತೀಯ ನ್ಯಾಯ ಸಂಹಿತೆಯಿದೆ. ಸಿಪಾಯಿಗೆ ಮಾತ್ರ 1857ರ ನೆರಳು ಉಳಿದಿದೆ.

ಈ ಅಧಿಕಾರ ಹೇಗೆಲ್ಲ ಬಳಕೆಯಾಗಬಲ್ಲದು ಎಂಬುದಕ್ಕೆ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ 1987ರ ಒಂದು ತೀರ್ಪು ಸಾಕ್ಷಿ. ಸಿಗ್ನಲ್ಸ್ ವಿಭಾಗದ ಒಬ್ಬ ಸಿಪಾಯಿ ತನ್ನ ಕಮಾಂಡಿಂಗ್ ಆಫೀಸರ ವಿರುದ್ಧದ ದೂರನ್ನು ನೇರವಾಗಿ ಮೇಲಧಿಕಾರಿಗಳಿಗೆ ಕಳಿಸಿದ್ದಕ್ಕೆ 28 ದಿನಗಳ ಕಠಿಣ ಸೆರೆ ಅನುಭವಿಸುತ್ತಿದ್ದ. ಆ ಅವಧಿಯಲ್ಲಿ, 1985ರ ಮಾರ್ಚ್ 29ರಂದು, ಊಟ ಮಾಡು ಎಂಬ ಆದೇಶವನ್ನು ಪಾಲಿಸಲಿಲ್ಲ ಎಂಬುದು ಅವನ ಮೇಲಿನ ಹೊಸ ಆರೋಪ. ಮರುದಿನವೇ ಸಮ್ಮರಿ ಕೋರ್ಟ್ ಮಾರ್ಷಲ್. ಅವನು ಯಾರ ವಿರುದ್ಧ ದೂರು ಬರೆದಿದ್ದನೋ ಅದೇ ಅಧಿಕಾರಿ ಅದರಲ್ಲಿದ್ದರು. ಒಂದು ವರ್ಷದ ಕಠಿಣ ಸೆರೆ ಮತ್ತು ವಜಾ ವಿಧಿಸಿ, ಮುಂದೆ ಯಾವ ಸರ್ಕಾರಿ ನೌಕರಿಗೂ ಅನರ್ಹ ಎಂದು ಷರಾ ಬರೆದರು. ಊಟ ಬಿಟ್ಟಿದ್ದಕ್ಕೆ! ಸುಪ್ರೀಂ ಕೋರ್ಟಿನಲ್ಲಿ ಆ ತೀರ್ಪನ್ನು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಅದೇ ತಿಂಗಳು ಅಲ್ಲಿಗೆ ಹೋಗಿದ್ದ, ಮುಂದೆ ಮುಖ್ಯ ನ್ಯಾಯಮೂರ್ತಿಗಳೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರೂ ಆದ ಎಂ.ಎನ್. ವೆಂಕಟಾಚಲಯ್ಯನವರು. ನ್ಯಾಯಾಧೀಶನು ತಾನು ಪಕ್ಷಪಾತಿಯೇ ಎಂದು ತನ್ನ ಮನಸ್ಸನ್ನು ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿಗೆ ಏನನ್ನಿಸೀತು ಎಂಬುದನ್ನು ನೋಡಬೇಕು ಎಂಬ ತತ್ತ್ವವನ್ನು ಅವರು ಎತ್ತಿಹಿಡಿದರು. ಶಿಕ್ಷೆ ಅಪರಾಧಕ್ಕೆ ತಕ್ಕ ಪ್ರಮಾಣದಲ್ಲಿರಬೇಕೆಂದರು, ಸಿಪಾಯಿಯನ್ನು ಎಲ್ಲ ಸೌಲಭ್ಯಗಳೊಡನೆ ಸೇವೆಗೆ ಮರಳಿಸಿದರು. ತನ್ನ ವಿರುದ್ಧವೇ ಎಸಗಿದ ಅಪರಾಧವನ್ನು ಕಮಾಂಡಿಂಗ್ ಆಫೀಸರ್ ಮೇಲಿನವರಿಗೆ ಬರೆಯದೆ ವಿಚಾರಿಸಬಾರದು ಎಂದು 120ನೇ ಕಲಂ ಹೇಳುತ್ತದೆಯಾದರೂ, ತಕ್ಷಣದ ಕ್ರಮಕ್ಕೆ ಗಂಭೀರ ಕಾರಣವಿದೆ ಎಂದುಬಿಟ್ಟರೆ ಆ ಬೇಲಿ ಬಿದ್ದುಹೋಗುತ್ತದೆ. ಸಮ್ಮರಿ ಕೋರ್ಟ್ ಮಾರ್ಷಲ್ ಒಂದು ಅಪವಾದ, ತುರ್ತು ಇದ್ದಾಗ ಮಾತ್ರ ಅದನ್ನು ಬಳಸಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಎರಡು ತೀರ್ಪುಗಳ ನಡುವೆ ಮೂರು ದಶಕ ಕಳೆದರೂ ಕಾಯ್ದೆಯ ಆ ಕಲಂ ಹಾಗೆಯೇ ಇದೆ.

ಸೈನ್ಯದ ಶಿಸ್ತಿನ ಮಾತು ಬಂದಾಗಲೆಲ್ಲ ಸಂವಿಧಾನದ 33ನೇ ವಿಧಿಯನ್ನು ತೋರಿಸುತ್ತಾರೆ. ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಾನೂನಿನ ಮೂಲಕ ಮೊಟಕುಗೊಳಿಸಬಹುದು ಎಂಬುದು ನಿಜ. ಆದರೆ ಕರ್ತವ್ಯದ ಸರಿಯಾದ ನಿರ್ವಹಣೆಗೂ ಶಿಸ್ತಿನ ಪಾಲನೆಗೂ ಎಂಬ ಉದ್ದೇಶವನ್ನು ಅದೇ ವಿಧಿ ಹೇಳುತ್ತದೆ. ಶಿಸ್ತಿಗೆ ಏಕವ್ಯಕ್ತಿ ಕೋರ್ಟ್ ಮಾರ್ಷಲ್ ಅನಿವಾರ್ಯವೇ? ಉತ್ತರಕ್ಕಾಗಿ ನಾನು ನಮ್ಮ ಜಿಲ್ಲೆಯಿಂದ ಆಚೆ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ, ಊರಿನ ಹೊರಗೆ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಒಂದೇ ಮನೆಯ ಅಣ್ಣ ಭೂಸೇನೆಗೆ, ತಮ್ಮ ವಾಯುಪಡೆಗೆ ಸೇರಿದರೆ, ರಜೆ ಮುಗಿದು ತಡವಾಗಿ ಮರಳಿದ ಒಂದೇ ತಪ್ಪಿಗೆ ಅಣ್ಣನನ್ನು ಸಮ್ಮರಿ ಕೋರ್ಟ್ ಮಾರ್ಷಲ್ ವಜಾ ಮಾಡಿ ಜೈಲಿಗೆ ಕಳಿಸಬಹುದು. ತಮ್ಮನಿಗೆ ಹಾಗಾಗುವುದಿಲ್ಲ, ಏಕೆಂದರೆ 1950ರ ವಾಯುಪಡೆ ಕಾಯ್ದೆಯಲ್ಲಿ ಈ ನ್ಯಾಯಾಲಯವೇ ಇಲ್ಲ. ಅವನನ್ನು ಕೋರ್ಟ್ ಮಾರ್ಷಲ್ ಮಾಡಬೇಕಾದರೆ ಕನಿಷ್ಠ ಮೂವರು ಅಧಿಕಾರಿಗಳು ಕೂರಬೇಕು. ನೌಕಾಪಡೆಯ ಕಾಯ್ದೆಯಲ್ಲಿ ಹಡಗಿನ ಕಮಾಂಡಿಂಗ್ ಆಫೀಸರಿಗೆ ಸಂಕ್ಷಿಪ್ತ ವಿಚಾರಣೆಯ ಅಧಿಕಾರವಿದ್ದರೂ, ಒಂದು ವರ್ಷ ಜೈಲಿಗೆ ಹಾಕಬಲ್ಲ ಏಕವ್ಯಕ್ತಿ ಕೋರ್ಟ್ ಮಾರ್ಷಲ್ ಅಲ್ಲಿಯೂ ಇಲ್ಲ. ನಮ್ಮ ವಾಯುಪಡೆ ಅಶಿಸ್ತಿನ ಪಡೆಯೆಂದು ಯಾರಾದರೂ ಹೇಳುವ ಧೈರ್ಯ ಮಾಡುತ್ತಾರೆಯೇ?

ಈ ವ್ಯತ್ಯಾಸ ಈಗ ಇನ್ನಷ್ಟು ತುರ್ತಿನದಾಗಿದೆ. ಮೂರೂ ಪಡೆಗಳವರು ಒಟ್ಟಿಗೆ ದುಡಿಯುವ ಸಂಸ್ಥೆಗಳಲ್ಲಿ ಒಬ್ಬನೇ ಕಮಾಂಡರ್ ಎಲ್ಲರ ಮೇಲೂ ಶಿಸ್ತಿನ ಅಧಿಕಾರ ನಡೆಸುವಂತೆ ತಾವೇ 2023ರಲ್ಲಿ ತಂದ ಅಂತರ ಸೇವಾ ಸಂಸ್ಥೆಗಳ ಕಾಯ್ದೆ 2024ರ ಮೇ 10ರಿಂದ ಜಾರಿಯಲ್ಲಿದೆ. ಆ ಕಾಯ್ದೆ ಪ್ರತಿಯೊಬ್ಬನನ್ನೂ ಅವನವನ ಪಡೆಯ ಕಾನೂನಿಗೇ ಬಿಟ್ಟಿದೆ. ಒಂದೇ ಬ್ಯಾರಕ್ಕಿನಲ್ಲಿ ಮಲಗಿ, ಒಂದೇ ಕಾವಲು ಕಾಯ್ದು, ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಮೂವರ ನ್ಯಾಯಾಲಯ, ಇನ್ನೊಬ್ಬನಿಗೆ ಒಬ್ಬರ ನ್ಯಾಯಾಲಯ ಎಂಬ ಸ್ಥಿತಿ ಕಾನೂನಿನ ಮುಂದೆ ಸಮಾನತೆ ಹೇಳುವ 14ನೇ ವಿಧಿಯ ಎದುರು ಎಷ್ಟು ದಿನ ನಿಂತೀತು?

ಎದುರಿನ ವಾದವನ್ನೂ ನಾನು ಬಲ್ಲೆ, ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಗಡಿಯ ಠಾಣೆಯಲ್ಲಿ, ಹಿಮದಲ್ಲಿ, ಗುಂಡಿನ ಚಕಮಕಿಯ ನಡುವೆ ಆಜ್ಞೆ ಮೀರಿದವನನ್ನು ವಿಚಾರಿಸಲು ಮೂವರು ಅಧಿಕಾರಿಗಳನ್ನು ಬೇರೆಬೇರೆ ಘಟಕಗಳಿಂದ ಕರೆಸುವುದು ಕಷ್ಟ. ಶಿಕ್ಷೆ ತಡವಾದರೆ ಉಳಿದವರ ಮನೋಬಲ ಕುಗ್ಗುತ್ತದೆ. ಕಮಾಂಡಿಂಗ್ ಆಫೀಸರ್ ತನ್ನ ಜನರನ್ನು ತಂದೆಯಂತೆ ಬಲ್ಲವರು. ಇವೆಲ್ಲ ಸರಿಯೇ. ನನ್ನ ಸೇವೆಯಲ್ಲಿ ನಾನು ಕಂಡ ಕಮಾಂಡಿಂಗ್ ಆಫೀಸರರಲ್ಲಿ ಹೆಚ್ಚಿನವರು ಸಿಪಾಯಿಯ ಮಗುವಿನ ಶಾಲೆಯ ಫೀಸಿನವರೆಗೂ ವಿಚಾರಿಸಿಕೊಂಡವರು. ಆದರೆ ಈ ನ್ಯಾಯಾಲಯ ನಡೆಯುವುದು ಗಡಿಯಲ್ಲಿ ಮಾತ್ರವೇ? ರಸ್ತೆ, ರೈಲು, ವಿಮಾನ ನಿಲ್ದಾಣ, ಜಿಲ್ಲಾ ನ್ಯಾಯಾಲಯ ಎಲ್ಲವೂ ಗೇಟಿನ ಹೊರಗೇ ಇರುವ ಶಾಂತಿಕಾಲದ ಠಾಣೆಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಕನಿಷ್ಠ ಮೂವರು ಅಧಿಕಾರಿಗಳ ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್ ಕರೆಯಲು ಇರುವ ಅಡ್ಡಿಯಾದರೂ ಏನು? ಅಮೆರಿಕದ ಸೈನ್ಯದಲ್ಲಿಯೂ ಒಬ್ಬ ಅಧಿಕಾರಿಯ ಸಮ್ಮರಿ ಕೋರ್ಟ್ ಮಾರ್ಷಲ್ ಇದೆ, ಆದರೆ ಆರೋಪಿ ಬೇಡವೆಂದರೆ ಅದರಡಿ ಅವನನ್ನು ವಿಚಾರಿಸುವಂತಿಲ್ಲ, ಸೆರೆಯ ಮಿತಿಯೂ ಒಂದು ತಿಂಗಳು. ನಮಗೆ ಈ ಕಾನೂನನ್ನು ಬಿಟ್ಟುಹೋದ ಬ್ರಿಟನ್, 1997ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತನ್ನ ಕೋರ್ಟ್ ಮಾರ್ಷಲ್ ವ್ಯವಸ್ಥೆಯನ್ನು ಸ್ವತಂತ್ರವಲ್ಲವೆಂದು ಹೇಳಿದ ಮೇಲೆ, ಹಂತಹಂತವಾಗಿ ಕಾಯ್ದೆ ಬದಲಿಸಿಕೊಂಡು, ಕಮಾಂಡಿಂಗ್ ಆಫೀಸರ್ ಕೊಟ್ಟ ಶಿಕ್ಷೆಗೂ ಮೇಲ್ಮನವಿಯ ನ್ಯಾಯಾಲಯವನ್ನು ಕಟ್ಟಿಕೊಂಡಿತು.

ನಮ್ಮಲ್ಲಿ ಮೇಲ್ಮನವಿಯ ಕಥೆ ಬೇರೆ. ಕೋರ್ಟ್ ಮಾರ್ಷಲ್ ಶಿಕ್ಷೆಗೆ ಒಂದಾದರೂ ಮೇಲ್ಮನವಿ ಇಲ್ಲದಿರುವುದು ದೊಡ್ಡ ಕೊರತೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1982ರಲ್ಲಿ. ಕಾನೂನು ಆಯೋಗ ತನ್ನ 169ನೇ ವರದಿಯಲ್ಲಿ ನ್ಯಾಯಮಂಡಳಿಯನ್ನು ಶಿಫಾರಸು ಮಾಡಿದ್ದು 1999ರಲ್ಲಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಆರಂಭಿಸಿದ್ದು 2009ರಲ್ಲಿ. ಇಷ್ಟು ಕಾದು ಸಿಕ್ಕ ಮಂಡಳಿಯ ‘ಸೇವಾ ವಿಷಯ’ದ, ಎಂದರೆ ಅದು ವಿಚಾರಿಸಬಹುದಾದ ಪ್ರಕರಣಗಳ ವ್ಯಾಖ್ಯೆಯಿಂದ, ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆ ಇಲ್ಲದ ಸಮ್ಮರಿ ಕೋರ್ಟ್ ಮಾರ್ಷಲ್‌ಗಳನ್ನು ಹೊರಗಿಡಲಾಗಿದೆ. ಎಂದರೆ ಮೂರು ತಿಂಗಳ ಜೈಲು ಸಣ್ಣ ವಿಷಯ! ಸೇನಾ ಕಾಯ್ದೆಯ 80ನೇ ಕಲಂ ಅಡಿ ಕಮಾಂಡಿಂಗ್ ಆಫೀಸರ್ ಕೋರ್ಟ್ ಮಾರ್ಷಲ್ಲೇ ಇಲ್ಲದೆ ಕೊಡಬಹುದಾದ 28 ದಿನಗಳ ಸೆರೆಯೂ ಹಾಗೆಯೇ. ಆ 28 ದಿನಗಳು ಅಲ್ಲಿಗೇ ಮುಗಿಯುವುದಿಲ್ಲ; ನಡತೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ದಾಖಲಾಗುತ್ತವೆ. ಅಂಥ ನಾಲ್ಕು ‘ರೆಡ್ ಇಂಕ್ ಎಂಟ್ರಿ’ ಆದವನನ್ನು ಅನುಪಯುಕ್ತನೆಂದು ಮನೆಗೆ ಕಳಿಸುವುದು ರೂಢಿಯಾಗಿತ್ತು. ನಾಲ್ಕಾಯಿತೆಂದು ಯಾಂತ್ರಿಕವಾಗಿ ಕಳಿಸುವಂತಿಲ್ಲ, ವಿಚಾರಣೆ ನಡೆಸಿ ಅವನ ಸೇವೆಯ ಅವಧಿಯನ್ನೂ ಕಷ್ಟದ ಠಾಣೆಗಳಲ್ಲಿ ದುಡಿದದ್ದನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹದಿನೈದು ವರ್ಷ ತುಂಬಿದರೆ ಪಿಂಚಣಿ ಸಿಗುವ ನೌಕರಿಯಲ್ಲಿ ಹದಿಮೂರನೆಯ ವರ್ಷದ ಕೆಂಪು ಶಾಯಿ ಒಂದು ಕುಟುಂಬದ ಅನ್ನವನ್ನೇ ಕಸಿಯುತ್ತದೆ. ವಜಾ ಆದವನಿಗಂತೂ ಎಷ್ಟೇ ವರ್ಷ ಸೇವೆಯಾಗಿದ್ದರೂ ಪಿಂಚಣಿ ಹಕ್ಕಾಗಿ ಬರುವುದಿಲ್ಲ.

ಕರ್ನಾಟಕದಲ್ಲಿ ಈ ಮಂಡಳಿಯ ಸ್ಥಾಯಿ ಪೀಠವಿಲ್ಲ. ನಮ್ಮವರ ಪ್ರಕರಣಗಳು ಹೊರರಾಜ್ಯದ ಪೀಠದ ವ್ಯಾಪ್ತಿಗೆ ಬರುತ್ತವೆ. ಮಂಡಳಿಯ ಆಡಳಿತವಾದರೂ ಯಾರ ಕೈಯಲ್ಲಿದೆ? ಅಲ್ಲಿ ಸದಾ ಪ್ರತಿವಾದಿಯಾಗಿರುವ ತಮ್ಮದೇ ಸಚಿವಾಲಯದ ಕೈಯಲ್ಲಿ. ಇದನ್ನು ಕಾನೂನು ಸಚಿವಾಲಯದ ಅಡಿಗೆ ತರಬೇಕೆಂದು ಪಂಜಾಬ್ ಮತ್ತು ಹರ್ಯಾಣ ಹೈಕೋರ್ಟ್ 2012ರಲ್ಲೇ ಹೇಳಿತ್ತು. ಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗುವ ದಾರಿ 2015ರಲ್ಲಿ ಮುಚ್ಚಿದಂತಾಗಿ, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಿಂದಲೇ ಮತ್ತೆ ತೆರೆದದ್ದು ಸಮಾಧಾನದ ಸಂಗತಿ.

ದೂರು ಹೇಳಿಕೊಳ್ಳುವ ದಾರಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಅದೂ ಅದೇ ಕೋಣೆಯ ಮೂಲಕವೇ ಹಾದುಹೋಗುತ್ತದೆ. ಕೈಕೆಳಗಿನವನ ಮೇಲೆ ಕೈಮಾಡುವುದು, ಅವನನ್ನು ಹಿಂಸಿಸುವುದು ಸೇನಾ ಕಾಯ್ದೆಯ 47ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷಾರ್ಹ ಅಪರಾಧ. ಆದರೆ 26ನೇ ಕಲಂ ಅಡಿ ಸಿಪಾಯಿ ದೂರು ಕೊಡುವುದು ಕಂಪನಿ ಕಮಾಂಡರಿಗೆ, ಅವರ ಮೇಲೆಯೇ ದೂರಾದರೆ ಅವರ ಮೇಲಿನವರಿಗೆ. ಪತ್ರಿಕೆಗೆ ಹೋಗುವಂತಿಲ್ಲ, ಸಂಘ ಕಟ್ಟುವಂತಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸೇವಾ ವಿಷಯದ ದೂರುಗಳನ್ನು ತೆಗೆದುಕೊಳ್ಳುವುದಿಲ್ಲ, ಸಶಸ್ತ್ರ ಪಡೆಗಳ ವಿಷಯದಲ್ಲಿ ತಾನೇ ತನಿಖೆ ನಡೆಸದೆ ಕೇಂದ್ರ ಸರ್ಕಾರದಿಂದ ವರದಿ ಕೇಳಬೇಕೆಂದು 1993ರ ಕಾಯ್ದೆಯ 19ನೇ ಕಲಂ ಅದರ ಕೈಕಟ್ಟಿದೆ. 2017ರ ಜನವರಿಯಲ್ಲಿ ಕೆಲವು ಜವಾನರು ಊಟದ ಬಗ್ಗೆ, ಅಧಿಕಾರಿಗಳ ಸೇವೆಗೆ ಜವಾನರನ್ನು ನೇಮಿಸುವ ಸಹಾಯಕ್ ಪದ್ಧತಿಯ ಬಗ್ಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಹರಿಯಬಿಟ್ಟಾಗ, ಅಂದಿನ ಸೇನಾ ಮುಖ್ಯಸ್ಥರು ದೂರು ಪೆಟ್ಟಿಗೆಗಳನ್ನು ಇಡಿಸಿ, ಸಾಮಾಜಿಕ ಜಾಲತಾಣಕ್ಕೆ ಹೋದರೆ ಶಿಕ್ಷೆಯಾದೀತೆಂದು ಎಚ್ಚರಿಸಿದರು. ಪೆಟ್ಟಿಗೆಯನ್ನು ತೆರೆಯುವವರೂ ಸೈನ್ಯದವರೇ. ಜರ್ಮನಿಯಲ್ಲಿ ಸಂವಿಧಾನದ ಬಲದಿಂದಲೇ ಸಂಸತ್ತಿನ ಸೇನಾ ಆಯುಕ್ತರೊಬ್ಬರಿದ್ದಾರೆ; ಯಾವ ಸೈನಿಕನೂ ತನ್ನ ಮೇಲಧಿಕಾರಿಗಳನ್ನು ದಾಟಿ ನೇರವಾಗಿ ಅವರಿಗೆ ಬರೆಯಬಹುದು. ಇದರಿಂದ ಆ ಸೈನ್ಯದ ಆಜ್ಞಾಪಾಲನೆ ಕುಸಿದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಸಕ್ರಿಯ ಯುದ್ಧಸೇವೆಯ ಹೊರಗೆ ಸಮ್ಮರಿ ಕೋರ್ಟ್ ಮಾರ್ಷಲ್ ನಡೆಸುವ ಅಧಿಕಾರವನ್ನು ಸೇನಾ ಕಾಯ್ದೆಯಿಂದ ತೆಗೆದುಹಾಕುವ ತಿದ್ದುಪಡಿಯನ್ನು ತನ್ನಿ. ಅದು ಉಳಿಯುವ ಕಡೆಯಲ್ಲಿಯೂ ಆರೋಪಿ ಮೂವರ ನ್ಯಾಯಾಲಯವನ್ನು ಕೇಳಿದರೆ ನಿರಾಕರಿಸದಂತೆ, ಪರಿಶೀಲನೆ ಮುಗಿಯುವವರೆಗೆ ವಜಾ ಮತ್ತು ಸೆರೆ ಜಾರಿಯಾಗದಂತೆ, ಬೇರೆ ಘಟಕದ ಅಥವಾ ಹೊರಗಿನ ವಕೀಲರೊಬ್ಬರು ಸರ್ಕಾರದ ಖರ್ಚಿನಲ್ಲಿ ಅವನ ಪರ ಬಾಯಿಬಿಟ್ಟು ಮಾತನಾಡುವಂತೆ, ತಪ್ಪೊಪ್ಪಿಗೆಯನ್ನು ಅವನ ಮಾತೃಭಾಷೆಯಲ್ಲಿ ವಿವರಿಸಿ ಸಹಿ ಪಡೆಯುವಂತೆ ನಿಯಮಗಳನ್ನು ಬದಲಿಸಿ. ಜೈಲಿನ ಯಾವ ಶಿಕ್ಷೆಯೂ, ಅದು 28 ದಿನಗಳದ್ದೇ ಆಗಲಿ, ನ್ಯಾಯಮಂಡಳಿಯ ವ್ಯಾಪ್ತಿಯಿಂದ ಹೊರಗೆ ಉಳಿಯಬಾರದು. ಅಗ್ನಿಪಥದಡಿ ನಾಲ್ಕೇ ವರ್ಷಕ್ಕೆ ಬರುವ ಹುಡುಗರೂ ಇದೇ ಕಾಯ್ದೆಗೆ ಒಳಪಟ್ಟವರು; ಇಪ್ಪತ್ತೊಂದನೆಯ ವಯಸ್ಸಿಗೆ ವಜಾ ಎಂಬ ಮುದ್ರೆ ಹೊತ್ತು ಊರಿಗೆ ಬಂದವನಿಗೆ ಬೇರೆ ನೌಕರಿ ಯಾರು ಕೊಡುತ್ತಾರೆ?

ಕರ್ನಾಟಕದ ಸಂಸದರಲ್ಲಿ ಇನ್ನೂ ಸಣ್ಣದೊಂದು ವಿನಂತಿ. ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವಾಲಯಕ್ಕೆ ಲಿಖಿತ ಪ್ರಶ್ನೆ ಹಾಕಿ: ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಸಮ್ಮರಿ ಕೋರ್ಟ್ ಮಾರ್ಷಲ್‌ಗಳು ನಡೆದವು, ಅವುಗಳಲ್ಲಿ ಶಾಂತಿಕಾಲದ ಠಾಣೆಗಳಲ್ಲಿ ನಡೆದವೆಷ್ಟು, ತಪ್ಪೊಪ್ಪಿಗೆಯ ಮೇಲೆ ಮುಗಿದವೆಷ್ಟು, ತಕ್ಷಣದ ಕ್ರಮದ ಕಾರಣವನ್ನು ಬರೆದಿಟ್ಟ ಕಡತಗಳೆಷ್ಟು, ನ್ಯಾಯಮಂಡಳಿಯಲ್ಲಿ ರದ್ದಾದವೆಷ್ಟು, ಮತ್ತು ಕರ್ನಾಟಕದ ಎಷ್ಟು ಮಂದಿ ಈ ದಾರಿಯಲ್ಲಿ ಪಿಂಚಣಿಯಿಲ್ಲದೆ ಮನೆಗೆ ಬಂದಿದ್ದಾರೆ. ಉತ್ತರ ಸದನದ ಮೇಜಿನ ಮೇಲೆ ಬಂದರೆ, ಅದರ ಪ್ರತಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳ ಸೂಚನಾ ಫಲಕಕ್ಕೆ ಹಚ್ಚಿಸುವ ಏರ್ಪಾಟನ್ನೂ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್
ಬೆಳಗಾವಿ ಜಿಲ್ಲೆ